ಹಳದಿ ಬಟ್ಟೆಯ ಗಂಟು

ಇಚಲಕರಂಜಿ, ಮಧ್ಯಾಹ್ನ. ಮಗ್ಗಗಳ ಸದ್ದು ತುಂಬಿದ ಓಣಿಯಲ್ಲಿ ಪದ್ಮಕ್ಕ ಎಂಬ ಜೈನ ಹೆಣ್ಣುಮಗಳು ಕನ್ನಡ, ಮರಾಠಿ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಾರೆ. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಿವೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದೆ. ಅಂಥ ಪುಸ್ತಕ ಹುಡುಕಿ ವಿಮರ್ಶೆ ಬರೆಯುವವಳು ನಾನು. ಅವರು ಹಳದಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದರು. ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹಾಗೆ ಸುತ್ತಿಡುವುದನ್ನು ಕಂಡಿದ್ದ ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

ಪದ್ಮಕ್ಕ ನಕ್ಕರು. "ಶಾಸ್ತ್ರ ಅಲ್ರಿ, ನೀವು ಕೇಳಿದಂಥಾ ಕಾದಂಬರಿನ. ಹಿಂಗ ಸುತ್ತಿ ಕೊಟ್ರ ಮನ್ಯಾಗ ಯಾರೂ ಬಿಚ್ಚಿ ನೋಡೂದಿಲ್ಲ. ಹೆಣ್ಮಕ್ಕಳು ಆರಾಮ ಓದ್ತಾರ."

ಬಿಚ್ಚಿದೆ. ಆ ಕಾದಂಬರಿಯ ಬಗ್ಗೆ ನಾನೇ ಪತ್ರಿಕೆಗೆ ಬರೆದಿದ್ದ ವಿಮರ್ಶೆಯನ್ನು ಕತ್ತರಿಸಿ ಕೊನೆಯ ಪುಟಕ್ಕೆ ಅಂಟಿಸಿದ್ದರು. ಯಾರೂ ಓದಲಿಲ್ಲ ಎಂದುಕೊಂಡಿದ್ದ ಬರಹ ಅದು.

"ಅದನ್ನ ಓದಿನ ಈ ಪುಸ್ತಕ ತರಿಸಿದ್ನಿ," ಎಂದರು. ಬರೆದವಳು ನಾನೆಂದು ಅವರಿಗೆ ಗೊತ್ತಿಲ್ಲ.

ಇಬ್ಬರು ಹೆಂಗಸರು ಬಾಡಿಗೆಮನೆ ಹಿಡಿದು ಚಹಾ ಕುಡಿಯುವಲ್ಲಿಗೆ ಕಥೆ ಮುಗಿಸಿದ್ದು ಸಪ್ಪೆ ಎಂದು ನಾನು ಬರೆದಿದ್ದೆ. ಆ ಸಾಲಿನ ಪಕ್ಕ ಯಾರೋ ಓದುಗರು ಪೆನ್ಸಿಲಿನಲ್ಲಿ ಗೀಚಿದ್ದರು: "ನಮಗ ಅಷ್ಟ ಸಿಕ್ರ ಸಾಕ್ರಿ."

"ಇನ್ನ ಚಪ್ಪಲಿ ಹಾಕ್ಕೋರಿ," ಎಂದರು ಪದ್ಮಕ್ಕ.

ನಾನು ಹಾಕಿಕೊಳ್ಳಲಿಲ್ಲ.