ಎರಡು ಬಿಳಿ ಗೆರೆಗಳನ್ನು ಹುಡುಕಿಕೊಂಡು ಅಣ್ಣಿಗೇರಿಯ ಕಡೆ

ಹುಬ್ಬಳ್ಳಿಯ ಗಾಜಿನ ಅಂಗಡಿಯಿಂದ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಟೇರಿಂಗ್ ಹಿಡಿದವನು ನಾನು. ಪಕ್ಕದಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಗಡಿಯ ಮೆಕ್ಯಾನಿಕ್ ಗೌತಮ. ಹಿಂದಿನ ಸೀಟಿನಲ್ಲಿ ಕಾರಿನ ಒಡತಿ, ನನ್ನ ಅಕ್ಕ ಗಿರಿಜಾ. ನಮಗೆ ಇಂಥ ಊರಿಗೇ ಹೋಗಬೇಕೆಂದಿರಲಿಲ್ಲ. ಬೇಕಾಗಿದ್ದದ್ದು ಎರಡೂ ಬದಿ ಬಿಳಿ ಗೆರೆ ಇರುವ ರಸ್ತೆ, ಸುಮಾರು ಅರ್ಧ ಗಂಟೆಯ ಹಾದಿಯಷ್ಟು.

ಎರಡು ವಾರದ ಹಿಂದೆ ಜಲ್ಲಿ ತುಂಬಿದ ಲಾರಿಯಿಂದ ಕಲ್ಲೊಂದು ಸಿಡಿದು ಕಾರಿನ ಮುಂದಿನ ಗಾಜು ಒಡೆದಿತ್ತು. ಹೊಸ ಗಾಜು ಕೂಡಿಸಿದ್ದಾಯಿತು. ಆದರೆ ಆ ಗಾಜಿನ ಒಳಬದಿ, ಕನ್ನಡಿಯ ಹಿಂದೆ, ಹೆಬ್ಬೆರಳಿನಷ್ಟು ದೊಡ್ಡ ಕ್ಯಾಮೆರಾ ಇದೆ. ಕಾರು ಗೆರೆ ದಾಟಿದರೆ ಅದು ಸ್ಟೇರಿಂಗ್ ನಡುಗಿಸಿ ಎಚ್ಚರಿಸುತ್ತದೆ; ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಗಾಜು ಬದಲಾದರೆ ಅದಕ್ಕೆ ನೇರ ಯಾವುದು, ದೂರ ಯಾವುದು ಎಂದು ಮತ್ತೆ ಕಲಿಸಬೇಕು. ಈ ಕಾರಿನಲ್ಲಿ ಕಲಿಸುವ ರೀತಿ ಒಂದೇ. ಗೆರೆಗಳ ನಡುವೆ ಅರವತ್ತರ ವೇಗದಲ್ಲಿ, ತಡವರಿಸದೆ, ಹಗಲು ಬೆಳಕಿನಲ್ಲಿ ಓಡಿಸುತ್ತಾ ಹೋಗಬೇಕು. ಕಲಿತದ್ದೆಷ್ಟು ಎಂಬುದನ್ನು ಲ್ಯಾಪ್‌ಟಾಪು ನೂರಕ್ಕೆ ಇಷ್ಟೆಂದು ತೋರಿಸುತ್ತದೆ. ನೂರು ಆಗುವವರೆಗೆ ಮೀಟರಿನ ಬಳಿ ಹಳದಿ ದೀಪ ಉರಿಯುತ್ತಿರುತ್ತದೆ, ಆ ಬ್ರೇಕು ಸತ್ತಂತೆಯೇ.

ಅಕ್ಕನಿಗೆ ಈಗ ಐವತ್ತೆಂಟು. ಯರಗುಪ್ಪಿಯ ಆಚೆ ಒಂದು ಹಳ್ಳಿಯ ಶಾಲೆಗೆ ಕುಂದಗೋಳದಿಂದ ದಿನಾ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಹೋದ ವರ್ಷ ಅವಳ ಬಲಗಣ್ಣಿನ ಪರದೆಗೆ ಆಪರೇಶನ್ ಆಯಿತು. ಕಣ್ಣು ಉಳಿಯಿತು, ಅಳತೆ ಉಳಿಯಲಿಲ್ಲ. ಯಾವುದು ಹತ್ತಿರ, ಯಾವುದು ದೂರ ಎಂದು ಅವಳಿಗೆ ತಟ್ಟನೆ ತಿಳಿಯುವುದಿಲ್ಲ. ಹಗಲಿನಲ್ಲಿ ಓಡಿಸಬಹುದು ಎಂದು ಡಾಕ್ಟರು ಹೇಳಿದರು. ಧೈರ್ಯ ಕೊಟ್ಟದ್ದು ಮಾತ್ರ ಆ ಕ್ಯಾಮೆರಾ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಅವಳು ಹೇಳಿಬಿಟ್ಟಿದ್ದಳು, ನಾಳೆ ಇದು ಸರಿಯಾದರೆ ಆಯಿತು, ಆಗದಿದ್ದರೆ ಇನ್ನು ಜೀವಮಾನದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು. ಅವಳು ಹೇಳಿದ್ದನ್ನು ಮಾಡುವವಳು.

ಹೊರಡುವ ಮುಂಚೆ ಗಾಜಿಗೆ ಪೂಜೆ ಆಯಿತು. ನಮ್ಮ ಮನೆಯಲ್ಲಿ ಹೊಸದಾಗಿ ಬಂದದ್ದು ಏನೇ ಇರಲಿ, ಫ್ರಿಜ್ಜೇ ಇರಲಿ, ವಿಭೂತಿ ಬೀಳದೆ ಕೆಲಸಕ್ಕೆ ಇಳಿಯುವುದಿಲ್ಲ. ಅಕ್ಕ ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು, ಬಾಟಲಿಯ ನೀರಿನಲ್ಲಿ ಮೂರು ಬೆರಳು ಒದ್ದೆ ಮಾಡಿಕೊಂಡಳು. ಗಾಜಿನ ಹಣೆ ಎಲ್ಲಿ ಬರುತ್ತದೆಂದು ಅಂದಾಜು ಮಾಡಿದಳು. ಕೈ ನಿಲುಕಲಿಲ್ಲ. ಗೌತಮನೇ ಒಳಗಿನಿಂದ ಸ್ಟೂಲು ತಂದು ಹಿಡಿದು ನಿಂತ. ಮೇಲೆ, ನಟ್ಟನಡುವೆ, ಮೂರು ಗೆರೆ ದಪ್ಪಗೆ ಬಿದ್ದವು. ಗೌತಮ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ ಎಂದು ಈಗ ನನಗೆ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಮೇಲೆ ತಿಳಿದದ್ದನ್ನು ನೆನಪು ಹಿಂದಕ್ಕೆ ಒಯ್ದು ಅವನ ಮುಖಕ್ಕೆ ಅಂಟಿಸಿರಬಹುದು. ಈ ಪ್ರವಾಸದ ಬಗ್ಗೆ ನನ್ನ ಹತ್ತಿರ ಇರುವುದು ಒಂದು ಪೆಟ್ರೋಲ್ ಚೀಟಿ, ಫೋನಿನಲ್ಲಿ ಬರೆದ ಎಂಟು ಸಾಲು, ಮತ್ತು ನೆನಪು. ಮೂರರಲ್ಲಿ ಹೆಚ್ಚು ವಿವರ ಕೊಡುವುದು ನೆನಪು. ಹಾಗಾಗಿ ಅದರ ಮೇಲೆಯೇ ಹೆಚ್ಚು ಸಂಶಯ.

ನವಲಗುಂದದ ರಸ್ತೆ ಹಿಡಿದೆವು. ಬಿಸಿಲು ಚುರುಕಾಗಿತ್ತು, ಮೋಡದ ಸುಳಿವಿಲ್ಲ. ಎರಡೂ ಕಡೆ ಎರೆಮಣ್ಣಿನ ಹೊಲ; ಹತ್ತಿ ಬಿಡಿಸುವ ಹೆಂಗಸರ ಸಾಲು; ಅಲ್ಲೊಂದು ಇಲ್ಲೊಂದು ಬೇವಿನ ಮರ. ಟ್ರ್ಯಾಕ್ಟರುಗಳು ಹೊಲದಿಂದ ಮಣ್ಣು ಹೊತ್ತು ತಂದು ಡಾಂಬರಿನ ಅಂಚಿಗೆ ಮೆತ್ತಿದ ಕಡೆ ಗೆರೆ ಮಾಯ. ಆದರೆ ಅದನ್ನು ದಾಟಿದ ಮೇಲೆ ಏಳೆಂಟು ಕಿಲೋಮೀಟರು ಗೆರೆಗಳು ಸೊಗಸಾಗಿದ್ದವು. ಮುಳ್ಳು ಅರವತ್ತರಿಂದ ಆಚೀಚೆ ಸರಿಯದಂತೆ ನಾನು ಕಾಲು ಬಿಗಿಹಿಡಿದಿದ್ದೆ. ಲ್ಯಾಪ್‌ಟಾಪು ಹನ್ನೊಂದಕ್ಕೆ ಬಂದು ನಿಂತಿತು. ಮತ್ತೆ ಅಲ್ಲಾಡಲಿಲ್ಲ. ಬಿಸಿಲ ಝಳ ಇರಬಹುದು ಎಂದ ಗೌತಮ. ಸ್ವಲ್ಪ ಹೊತ್ತಿನ ಮೇಲೆ, ಟಾಯರಿನ ಗಾಳಿ ನೋಡಬೇಕು ಎಂದ. ನೋಡಿದ. ಗಾಳಿ ಸರಿ ಇತ್ತು.

ಗೌತಮನಿಗೆ ಮೂವತ್ತೆರಡು ಇರಬೇಕು. ಊರು ಯರಗುಪ್ಪಿ. ಅಪ್ಪ ಅವರಿವರ ಹೊಲದಲ್ಲಿ ದುಡಿದು ಮಗನನ್ನು ಓದಿಸಿದವರು. ತನ್ನ ಶಾಲೆಯ ದಾರಿಯಲ್ಲೇ ಅವನ ಮನೆ ಎಂದು ತಿಳಿದದ್ದೇ ಅಕ್ಕನಿಗೆ ಅವನ ಮೇಲೆ ಹಕ್ಕು ಬಂದಂತಾಯಿತು. ಹಿಂದಿನಿಂದ ಒಂದೇ ಸಮನೆ ಪ್ರಶ್ನೆ ಕೇಳುತ್ತಿದ್ದಳು. ಹನ್ನೊಂದಕ್ಕೆ ನಿಂತದ್ದು ಗೊತ್ತಾದಾಗ, ನಮ್ಮ ಶಾಲೆಯ ಹುಡುಗರೇ ಹೆಚ್ಚು ತೆಗೆಯುತ್ತಾರೆ, ನಿನ್ನ ಕ್ಯಾಮೆರಾವನ್ನು ಒಂದನೇ ಕ್ಲಾಸಿಗೆ ಸೇರಿಸು ಎಂದು ಛೇಡಿಸಿದಳು.

ನವಲಗುಂದದಲ್ಲಿ ಚಹಾ, ತಲಾ ಹತ್ತು ರೂಪಾಯಿ. ಅಕ್ಕನಿಗೆ ಶಾಲೆಗೊಂದು ಜಮಖಾನ ನೋಡಬೇಕಿತ್ತು. ಓಣಿಯೊಳಗೆ ಒಂದು ಮನೆಗೆ ಹೋದೆವು. ಪಡಸಾಲೆಯಲ್ಲಿ ಮಗ್ಗ, ಗೋಡೆಗೆ ನೇತುಹಾಕಿದ ಕೆಂಪು, ಹಳದಿ ಜಮಖಾನ. ನೇಯುವ ಹೆಂಗಸು ಎದ್ದು ಬರಲಿಲ್ಲ. ಕೂತಲ್ಲಿಂದಲೇ, ಮುಟ್ಟಿ ನೋಡ್ರಿ ಎಂದಳು. ಅಕ್ಕ ಅಂಚಿನ ಕುಚ್ಚು ಹಿಡಿಯಲು ಕೈ ಚಾಚಿದಳು. ಬೆರಳು ಮುಚ್ಚಿಕೊಂಡವು, ಕುಚ್ಚು ಇನ್ನೂ ನಾಲ್ಕು ಬೆರಳಿನಷ್ಟು ಆಚೆಗಿತ್ತು. ಎರಡನೆಯ ಸಲ ಸಿಕ್ಕಿತು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ನೋಡುತ್ತಿದ್ದವನಂತೆ ನಿಂತಿದ್ದೆ ಎನ್ನಬೇಕು.

ಅಲ್ಲಿಂದ ಅಣ್ಣಿಗೇರಿ ರಸ್ತೆ. ಗೆರೆ ಇದ್ದವು, ಆದರೆ ಗೋವಿನಜೋಳದ ಕೆಳಗೆ. ರಸ್ತೆಯ ಅರ್ಧಕ್ಕೆ ಫರ್ಲಾಂಗುಗಟ್ಟಲೆ ಕಾಳು ಹರವಿ, ಗಾಡಿಗಳು ಮೇಲೆ ಬಾರದಂತೆ ಅಂಚಿಗೆ ಕಲ್ಲಿಟ್ಟಿದ್ದರು. ಅರವತ್ತಿರಲಿ, ಇಪ್ಪತ್ತರಲ್ಲೂ ಹೋಗುವಂತಿರಲಿಲ್ಲ. ಕೊಡೆ ಹಿಡಿದು ಕಾಳು ಕಾಯುತ್ತಿದ್ದ ಮುದುಕನ ಹತ್ತಿರ ನಿಲ್ಲಿಸಿ, ಮುಂದೆಯೂ ಹೀಗೆಯೇ ಇದೆಯೇ ಎಂದು ಕೇಳಿದೆ. ಏನು ಬೇಕಾಗಿತ್ತು ಎಂದ. ಬಿಳಿ ಗೆರೆ ಎಂದೆ. ಅವನು ಕಾರಿನೊಳಗೆ ಬಗ್ಗಿ ಮೂವರನ್ನೂ ನೋಡಿದ.

"ಗೆರಿ ಎಲ್ಲೂ ಹೋಗಿಲ್ಲರಿ, ಇಲ್ಲೇ ಬುಡಕ ಅದಾವ. ಗುರುವಾರ ರಾಶಿ ಎತ್ತತೀವಿ, ಆವಾಗ ಬರ್ರಿ, ಎರಡೂ ತೋರಸ್ತೀನಿ."

ಅಣ್ಣಿಗೇರಿ ತಲುಪಿದಾಗ ಒಂದೂವರೆ. ಪೇಟೆಯ ಹೊರಗೆ ಚಹಾದಂಗಡಿಯ ಚಪ್ಪರದ ಕೆಳಗೆ ಅಕ್ಕ ತಂದಿದ್ದ ಡಬ್ಬಿ ಬಿಚ್ಚಿದೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬಿಸಿ ಮಿರ್ಚಿ ಅಂಗಡಿಯವನದು. ಗೌತಮ ಎರಡನೇ ರೊಟ್ಟಿ ಬೇಡವೆಂದ, ಅಕ್ಕ ಬಿಡಲಿಲ್ಲ. ಊಟದ ಹೊತ್ತಿಗೆ ಅವಳ ತಮಾಷೆ ನಿಂತಿತ್ತು. ಇನ್ನು ಮುಂದೆ ಶಾಲೆಗೆ ಹೇಗೆ ಹೋಗುವುದು, ಎರಡು ಬಸ್ಸು ಬದಲಿಸಿದರೆ ಪ್ರಾರ್ಥನೆಗೆ ಮುಟ್ಟಬಹುದೇ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು. ಆ ದನಿ ಕೇಳಲಾಗುತ್ತಿರಲಿಲ್ಲ. ಕೈ ತೊಳೆಯಲು ಎದ್ದು ಹೋದಳು.

ಮುಂದಿನದನ್ನು ನಾನು ಮನೆಯಲ್ಲಿ, ಆಮೇಲೆ ಇಬ್ಬರು ಗೆಳೆಯರ ಮುಂದೆ, ಹೀಗೆ ಹೇಳಿದ್ದೇನೆ: ಆಗ ಗಾಜಿನ ಅಂಗಡಿಯ ಮಾಲೀಕ ಗೌತಮನಿಗೆ ಫೋನ್ ಮಾಡಿ, ಸುಮ್ಮನೆ ದೀಪ ಆರಿಸಿ ಕಳಿಸು ಎಂದ. ಮಾಲೀಕನ ಮೂಗಿನ ದನಿಯನ್ನೂ ಅಣಕಿಸಿ ತೋರಿಸಿದ್ದೇನೆ. ಯಾವ ಫೋನೂ ಬಂದಿರಲಿಲ್ಲ. ಹೇಳಿದವನು ನಾನು.

"ಬರೇ ದೀಪ ಆರಸಾಕ ಬರ್ತೈತೇನು?" ಎಂದು ಕೇಳಿದೆ.

"ಬರ್ತೈತ್ರಿ. ಎರಡು ಬಟನ್ ಕೆಲಸ."

"ಹಂಗಾದ್ರ ಆರಿಸಿಬಿಡು. ಆಕಿಗೆ ಧೈರ್ಯ ಬಂದ್ರ ಸಾಕು. ದಿನಾ ಹೋಗೂ ದಾರಿ."

ಗೌತಮ ಮಿರ್ಚಿಯ ಎಣ್ಣೆಯನ್ನು ಪೇಪರಿಗೆ ಒರೆಸಿಕೊಳ್ಳುತ್ತಾ ಕುಳಿತ. ಆಮೇಲೆ ನನ್ನನ್ನು ನೋಡದೆಯೇ ಹೇಳಿದ. "ಆರಿಸಿದ್ರ ಅಕ್ಕಾರು ಅದು ನೋಡಾಕತ್ತೈತಿ ಅಂತ ನಂಬ್ತಾರ್ರಿ ಸರ್. ಅದು ನೋಡಂಗಿಲ್ಲ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವನು ಎದ್ದು ನಿಂತ. ಮಾಸ್ತರರ ಮುಂದೆ ನಿಂತವನ ಹಾಗೆ.

"ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನೀವು ಹಚ್ಚಿದ ವಿಭೂತಿ ಅಗದಿ ಕ್ಯಾಮೆರಾದ ಮುಂದ ಐತಿ. ಅದಕ್ಕ ದಾರಿ ನೆಟ್ಟಗ ಕಾಣವಲ್ದು."

ನಾವು ಮೂವರೂ ತಿರುಗಿ ಕಾರಿನ ಕಡೆ ನೋಡಿದೆವು. ನಾಲ್ಕು ತಾಸಿನಿಂದ ನನ್ನ ಕಣ್ಣ ಮುಂದೆಯೇ, ಗಾಜಿನ ಆಚೆ, ಆ ಗೆರೆಗಳಿದ್ದವು. ನಾನು ಅವನ್ನು ನೋಡಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಹೀಗೆಯೇ ಕಾಣದೆ ಹೋಗುತ್ತದೆ.

"ಬಿಳಿ ಗೆರಿ ಬೇಕಂದಿ, ಮೂರು ಕೊಟ್ಟೀನಿ," ಎಂದಳು ಅಕ್ಕ. ನಗಲಿಲ್ಲ. "ಮುಂಜಾನಿನ ಗೊತ್ತಿತ್ತಿಲ್ಲೋ ನಿನಗ? ಯಾಕ ಒರಸ್ಲಿಲ್ಲ?"

"ನಾ ಹೆಂಗ ಒರಸ್ಲಿರಿ? ನಮ್ಮ ಮನ್ಯಾಗ ಇರೂದು ಬುದ್ಧನ ಫೋಟೋ ಒಂದ. ಮಂದಿ ದೇವರ ಮ್ಯಾಲ ಕೈ ಇಡಬ್ಯಾಡ ಅಂತ ನಮ್ಮವ್ವ ಸಣ್ಣಾಂವ ಇದ್ದಾಗಿಂದ ಹೇಳ್ಯಾಳ. ಗಾಳಿಗೆ ಉದುರ್ತೈತಿ ಅನ್ಕೊಂಡಿದ್ದೆ."

ಅವನ ತಾಯಿ ಯಾವುದನ್ನು ಕಂಡು ಹಾಗೆ ಹೇಳಿರಬಹುದು ಎಂದು ಅಕ್ಕ ಕೇಳಲಿಲ್ಲ. ಆ ಭಾಗದಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು, ಕೇಳುವ ಅಗತ್ಯವಿರಲಿಲ್ಲ. ನಾನು ಕರವಸ್ತ್ರ ತೆಗೆದು ಕಾರಿನ ಕಡೆ ಹೊರಟೆ.

"ನೀ ಬ್ಯಾಡ," ಎಂದಳು. ಡಬ್ಬಿ ಸುತ್ತಿ ತಂದಿದ್ದ ಬಿಳಿ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ಗೌತಮನ ಕೈಗೆ ಕೊಟ್ಟಳು. "ಹಣಿಗೆ ಹಚ್ಚೂದನ್ನ ನಾ ಕಣ್ಣಿಗೆ ಹಚ್ಚೀನಿ. ತಪ್ಪು ನಂದು. ಕಣ್ಣು ಎಲ್ಲೈತಿ ಅಂತ ನಿನಗ ಗೊತ್ತು. ನೀನ ಒರಸು."

ಅವನು ಚಪ್ಪಲಿ ಬಿಟ್ಟು, ಕಾರಿನ ಅಂಚಿನ ಮೇಲೆ ಕಾಲಿಟ್ಟು ಏರಿದ. ಚಪ್ಪಲಿ ಯಾಕೆ ಬಿಟ್ಟನೋ. ಮೊದಲು ಮೆಲ್ಲಗೆ, ಗಾಯ ಒರೆಸುವವನಂತೆ. ಆಮೇಲೆ ತನ್ನ ಕೆಲಸದ ರೀತಿಯಲ್ಲಿ, ಒತ್ತಿ, ಮೂಲೆಯಿಂದ ಮೂಲೆಗೆ. ಇಳಿದ ಮೇಲೆ ಅಕ್ಕ, ಇನ್ನು ಎಲ್ಲಿ ಹಚ್ಚಿದರೆ ನಡೆಯುತ್ತದೆ ತೋರಿಸು ಎಂದಳು. ಅವನು ಬಾನೆಟ್ಟಿನ ಮೇಲೆ ಬೆರಳಿಟ್ಟು ಜಾಗ ತೋರಿಸಿದ. ಅವಳು ಅಲ್ಲಿ ಹಚ್ಚಿದಳು.

ಹುಬ್ಬಳ್ಳಿಯ ಕಡೆ ತಿರುಗಿದರೆ ಸೂರ್ಯ ಎದುರಾಗುತ್ತಿದ್ದ. ಹಾಗಾಗಿ ಬೆನ್ನಿಗೆ ಬಿಸಿಲಿಟ್ಟುಕೊಂಡು ಗದಗದ ಕಡೆ ಹೋಗೂಣು ಎಂದ ಗೌತಮ. ಕಾರಿನಲ್ಲಿ ಕೂತ ಮೇಲೆ ಅಕ್ಕ ಹಿಂದಿನಿಂದ ನನಗೆ ಒಂದೇ ಮಾತು ಹೇಳಿದಳು.

"ನಲ್ಲಿ ಅಲ್ಲೇ ಬಾಜೂಕ ಇತ್ತು. ಕಣ್ಣು ಒಂದು ಕೆಟ್ಟೈತಿ, ಕಿವಿ ಎರಡೂ ಚಲೋ ಅದಾವ."

ನಾನು ಅರವತ್ತನ್ನು ಹಿಡಿದೆ. ರಸ್ತೆ ಅಗಲ, ಗೆರೆಗಳು ಎದ್ದು ಕಾಣುತ್ತಿದ್ದವು. ಹದಿನಾಲ್ಕು. ಇಪ್ಪತ್ತೊಂಬತ್ತು. ಗೌತಮ ಸಂಖ್ಯೆ ಓದುತ್ತಿದ್ದ. ಐವತ್ತರ ಹತ್ತಿರ ಕುರಿಹಿಂಡು ಅಡ್ಡ ಬಂದು ನಿಂತೆವು. ಸಂಖ್ಯೆ ಕೆಳಗಿಳಿಯುತ್ತದೆಂದು ನಾನು ಹೆದರಿದೆ. ಇಳಿಯಲಿಲ್ಲ. ತೊಂಬತ್ತೊಂದಕ್ಕೆ ಬಹಳ ಹೊತ್ತು ನಿಂತಿತು. ಫೋನಿನ ಟಿಪ್ಪಣಿಯಲ್ಲಿ ಅದು ಎರಡು ನಿಮಿಷ. ನನ್ನ ಪ್ರಕಾರ ಇಪ್ಪತ್ತು. ನೂರಾದಾಗ ಶಬ್ದವೇನೂ ಆಗಲಿಲ್ಲ, ಹಳದಿ ದೀಪ ತಾನಾಗಿ ಆರಿತು. ಗೌತಮ ಅಷ್ಟಕ್ಕೇ ಒಪ್ಪಲಿಲ್ಲ. ಖಾಲಿ ರಸ್ತೆಯಲ್ಲಿ ಬೇಕೆಂದೇ ಕಾರನ್ನು ಗೆರೆಯ ಮೇಲೆ ಸರಿಸಲು ನನಗೆ ಹೇಳಿದ, ನಾಲ್ಕು ಸಲ, ಎಡಕ್ಕೆರಡು ಬಲಕ್ಕೆರಡು. ನಾಲ್ಕೂ ಸಲ ಸ್ಟೇರಿಂಗ್ ನನ್ನ ಅಂಗೈಯಲ್ಲಿ ನಡುಗಿತು.

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅಕ್ಕ ಇಳಿದು ಗೌತಮನ ಕಿಟಕಿಯ ಹತ್ತಿರ ಬಂದು ನಿಂತಳು.

"ನಿಮ್ಮವ್ವನ್ನ ಇದರಾಗ ಕೂಡ್ರಿಸಿ, ನನ್ನ ಕೈಯಾಗ ಕೊಟ್ಟು ಕಳಸ್ತೀಯೇನು?"

ಅವನು ಲ್ಯಾಪ್‌ಟಾಪನ್ನು ಮತ್ತೊಮ್ಮೆ ನೋಡಿದ, ಅವಳ ಬಲಗಣ್ಣನ್ನು ನೋಡಿದ, ರಸ್ತೆಯನ್ನು ನೋಡಿದ.

"ಹಗಲೊತ್ತಾದ್ರ ಕಳಸ್ತೀನ್ರಿ."

"ಇಳಿ," ಎಂದಳು ನನಗೆ. ನನ್ನನ್ನು ಏನನ್ನೂ ಕೇಳಲಿಲ್ಲ.

ಮರಳುವಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಬಿಸಿಲು ಎದುರಿಗೇ ಇತ್ತು. ಅವಳು ಗಾಜಿನ ಮೇಲಂಚಿನ ಬಿಸಿಲುಮರೆ ಇಳಿಸಿಕೊಂಡು ಐವತ್ತರ ಮೇಲೆ ಹೋಗದೆ ಓಡಿಸಿದಳು. ಲಾರಿಗಳು ದಾಟಿ ಹೋದವು, ಹೋಗಲು ಬಿಟ್ಟಳು. ಚಲೋ ಓಡಿಸುತ್ತಿದ್ದೀ ಎಂದು ಹೇಳಬೇಕೆನ್ನಿಸಿತು. ಎರಡು ಸಲ ಬಾಯಿಗೆ ಬಂತು. ಆ ದಿನ ನನ್ನ ಬಾಯಿಂದ ಅದು ಸುಳ್ಳಿನಂತೆಯೇ ಕೇಳಿಸುತ್ತಿತ್ತು. ಮುಂದಿನ ಸೀಟುಗಳಲ್ಲಿ ಅವರಿಬ್ಬರು ಯರಗುಪ್ಪಿಯ ಯಾವುದೋ ಹಳೆಯ ಮಾಸ್ತರರನ್ನು ಆಡಿಕೊಂಡು ನಗುತ್ತಿದ್ದರು.

ಹುಬ್ಬಳ್ಳಿ ದಾಟಿ ಕುಂದಗೋಳಕ್ಕೆ ಬಂದಾಗ ಐದು ಇಪ್ಪತ್ತು. ಓಣಿಯ ಬಾಯಲ್ಲಿ ನನ್ನನ್ನು ಇಳಿಸಿ, ಗೌತಮನನ್ನು ಯರಗುಪ್ಪಿಯ ಬಸ್ಸಿಗೆ ತಾನೇ ಬಿಟ್ಟು ಬರುತ್ತೇನೆ ಎಂದಳು. ಇನ್ನೂ ಬೆಳಕಿತ್ತು. ನಾನು ಖಾಲಿ ಡಬ್ಬಿ ಹಿಡಿದು ನಿಂತು ನೋಡಿದೆ. ಓಣಿ ಖಾಲಿ, ಹಿಂದೆ ಮುಂದೆ ಯಾರೂ ಇರಲಿಲ್ಲ. ಆದರೂ ತಿರುವಿಗೆ ಮೊದಲೇ ಅವಳ ಎಡಗಡೆಯ ಇಂಡಿಕೇಟರ್ ಮಿನುಗಲು ಶುರುವಾಯಿತು.