ಬೀಜಕ್ಕೆ ಬಿಟ್ಟ ಕಾಯಿ

ನಮ್ಮ ಹೊಸದುರ್ಗದ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡಕ್ಕೆ ಜಿಲ್ಲೆಯಲ್ಲೇ ಬಲಿಷ್ಠವಾದ ಬೆಂಚು ಇತ್ತು. ಮರದ ಬೆಂಚಲ್ಲ, ಅದರ ಮೇಲೆ ಕೂತವರ ಮಾತು. ಅಂಕಣದಲ್ಲಿ ಆಡುತ್ತಿದ್ದ ಐವರು ಹಿರಿಯರು ವಾರವಾರವೂ ಬೇರೆ ಊರಿನವರ ಕೈಲಿ ಸೋಲುತ್ತಿದ್ದರು. ಬೆಂಚಿನ ಮೇಲಿದ್ದ ಐವರು ಕಿರಿಯರು ಅಭ್ಯಾಸದ ಆಟದಲ್ಲಿ ಆ ಹಿರಿಯರನ್ನು ವಾರವಾರವೂ ಸೋಲಿಸುತ್ತಿದ್ದರು. ಇದನ್ನು ನೋಡಿದ ಯಾರಿಗಾದರೂ ಮುಂದೇನು ಮಾಡಬೇಕೆಂದು ಹೊಳೆಯುತ್ತದೆ. ನಮ್ಮ ಕೋಚ್‌ಗೂ ಹೊಳೆದಿತ್ತು: ಕಿರಿಯರನ್ನು ಇನ್ನಷ್ಟು ಜೋಪಾನವಾಗಿ ಕೂರಿಸಬೇಕು.

ನಾನು ಆಟಗಾರ್ತಿಯಲ್ಲ. ಸಿರಿಗೆರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳು. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ನನ್ನ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಬಿಟ್ಟುಕೊಡುತ್ತಿರಲಿಲ್ಲ. ಆ ಬಾಯಿಯನ್ನು ನಂಬಿ ತಂಡದವರು ನನ್ನ ಕೈಗೆ ಮೈಕು ಕೊಟ್ಟು ಪಂದ್ಯಗಳ ವಿವರಣೆ ಹೇಳಲು ಕೂರಿಸಿದ್ದರು. ನಾನು ಒಪ್ಪಿಕೊಳ್ಳಲು ಕಾರಣ ಒಂದೇ. ಬೆಂಚಿನ ಮೇಲಿದ್ದ ಐವರಲ್ಲಿ ಒಬ್ಬಳು ಮಾಡದಕೆರೆಯ ನನ್ನ ಚಿಕ್ಕಪ್ಪನ ಮಗಳು.

ಅವಳು ಆ ಬೆಂಚಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರಿನ ತಂಡಗಳು ಸೇರಿ ಆಡುವ ಲೀಗ್ ಇದು. ವರ್ಷಕ್ಕೊಮ್ಮೆ ಚಿತ್ರದುರ್ಗದ ಕಲ್ಯಾಣ ಮಂಟಪವೊಂದರಲ್ಲಿ ಹೊಸ ಹುಡುಗಿಯರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಅಮೆರಿಕದವರು ಹಾಗೆ ಮಾಡುವುದನ್ನು ಯಾರೋ ಟಿವಿಯಲ್ಲಿ ನೋಡಿದ್ದರಿಂದ ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಆಯ್ಕೆ. ಸೋತವರಿಗೂ ಸ್ವಲ್ಪ ಬಲ ಬರಲಿ ಎಂಬ ಉದ್ದೇಶ.

ಹೆಸರು ಅಮೆರಿಕದ್ದಾದರೂ ಕ್ರಮವೆಲ್ಲ ನಮ್ಮದೇ. ಉಪ್ಪಿಟ್ಟು, ಕೇಸರಿಬಾತ್ ಆದ ಮೇಲೆ ಹುಡುಗಿಯರನ್ನು ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿದರು. ಎದುರಿಗೆ ನಾಲ್ಕು ತಂಡಗಳ ಹಿರಿಯರು ಕಾಲ ಮೇಲೆ ಕಾಲು ಹಾಕಿ ಕೂತು ವಿಚಾರಿಸತೊಡಗಿದರು. "ನಿಮ್ಮಮ್ಮ ಎಷ್ಟೆತ್ತರ ಅದಾರವ್ವ?" "ನಿಮ್ಮ ಕಡೆ ಯಾರಿಗಾದ್ರೂ ಮಂಡಿನೋವು ಐತಾ?"

ಚಿಕ್ಕಪ್ಪನ ಮಗಳು ತನ್ನ ಸರದಿ ಬಂದಾಗ ತಲೆಯೆತ್ತಿ, "ಒಂದು ಹಾಡೂ ಹೇಳ್ಬೇಕೇನ್ರಿ?" ಎಂದಳು.

ಮಂಟಪವೆಲ್ಲ ನಕ್ಕಿತು. ನಮ್ಮ ಕೋಚ್ ಮಾತ್ರ ನಗಲಿಲ್ಲ. ಸೋರೆಕಾಯಿಯ ತೊಟ್ಟನ್ನು ನೋಡುವ ಹಾಗೆ ಅವಳ ಮಣಿಕಟ್ಟನ್ನೇ ನೋಡುತ್ತ, "ಇವ್ಳೇ ನಮ್ಗೆ" ಎಂದುಬಿಟ್ಟರು.

ಅಂದು ಸಂಜೆ ನಾನು ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕೂ ತಂಡಗಳ ಆಯ್ಕೆಯ ಬಗ್ಗೆ ತೀರ್ಪು ಬರೆದೆ. ಚಿತ್ರದುರ್ಗದವರು ಟೇಪು ಹಿಡಿದು ಎತ್ತರವನ್ನಷ್ಟೇ ಅಳೆದಿದ್ದರು. ಅವರು ಆರಿಸಿದ ಹುಡುಗಿಯ ಕೈ ಬುಟ್ಟಿಯವರೆಗೂ ಹೋಗುತ್ತಿತ್ತು, ಚೆಂಡು ಮಾತ್ರ ಆ ಕೈಯವರೆಗೂ ಬರುತ್ತಿರಲಿಲ್ಲ. ಹಿರಿಯೂರಿನವರು ಹೊಂದಾಣಿಕೆ ಚೆನ್ನಾಗಿರುತ್ತದೆಂದು ಅಕ್ಕತಂಗಿಯರನ್ನು ಜೋಡಿಯಾಗಿ ತೆಗೆದುಕೊಂಡರು. ಸ್ವಂತ ತಂಗಿಯಿಲ್ಲದವರು ಮಾತ್ರ ಮಾಡಬಹುದಾದ ಆಯ್ಕೆ ಅದು. ಹೊಳಲ್ಕೆರೆಯವರು ಹುಡುಗಿಯನ್ನು ಆರಿಸಲೇ ಇಲ್ಲ, ಅವಳ ಅಪ್ಪನ ಟೆಂಪೊವನ್ನು ಆರಿಸಿದರು. ನಾನು ಅದನ್ನು ಗೇಲಿ ಮಾಡಿ ಬರೆದೆ. ಆಮೇಲೆ ಇಡೀ ಸೀಸನ್ನಿನಲ್ಲಿ ಹೊತ್ತಿಗೆ ಸರಿಯಾಗಿ ಮೈದಾನ ಮುಟ್ಟಿದ ತಂಡ ಅದೊಂದೇ. ನಮ್ಮ ಆಯ್ಕೆಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೆ. ಆರಿಸಿದವರನ್ನು ಆಡಿಸುತ್ತಾರೆ ಎಂದು ಊಹಿಸಿಕೊಂಡದ್ದು ನನ್ನ ತರ್ಕದಲ್ಲಿದ್ದ ತೂತು.

ಮೊದಲ ಪಂದ್ಯದಲ್ಲಿ ಅವಳು ಏಳಲಿಲ್ಲ. ಎರಡನೆಯದರಲ್ಲೂ ಇಲ್ಲ. ಬೆಂಚಿನವರಿಗೆಲ್ಲ ಕೋಚ್ ದಪ್ಪನೆಯ ಹಳದಿ ಜಾಕೆಟ್ ಹೊಲಿಸಿಕೊಟ್ಟಿದ್ದರು. ಬಿಸಿಲಲ್ಲೂ ತೆಗೆಯುವಂತಿರಲಿಲ್ಲ. ನನಗೆ ತಡೆಯಲಾಗದೆ ಒಂದು ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ಅವರದು ಹೊಸದುರ್ಗದಲ್ಲಿ ಬೀಜ ಗೊಬ್ಬರದ ಅಂಗಡಿ.

"ಬಾರವ್ವ ವಕೀಲಮ್ಮ, ಕುಂತ್ಕ. ಇವತ್ತು ಯಾವ ಕೇಸು?" ಎಂದರು.

"ನಮ್ಮ ಹುಡುಗೀನ ಯಾಕೆ ಆಡಿಸ್ತಿಲ್ಲ ಸರ್?"

"ಅವ್ಳನ್ನ ಬೀಜಕ್ಕೆ ಬಿಟ್ಟೀವಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದವಾಗಿ ಬೆಳೆದ ಸೋರೆಕಾಯಿಯನ್ನು ಕೀಳದೆ ಬೀಜಕ್ಕೆಂದು ಬಿಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರೂ ಮುಟ್ಟದಿರಲೆಂದು ಅದಕ್ಕೊಂದು ಬಟ್ಟೆಯ ಚೂರು ಕಟ್ಟಿರುತ್ತಾರೆ. ಹಳದಿ ಜಾಕೆಟ್ಟಿನ ಅರ್ಥ ನನಗೆ ಆಗ ತಿಳಿಯಿತು.

"ಒಳ್ಳೇದನ್ನ ಸಾರಿಗೆ ಹಾಕ್ಬಾರ್ದವ್ವ. ಈ ವರ್ಷ ಹಿರೇರು ಸೋಲ್ಲಿ. ಸೋತ್ರೇನೇ ಅಲ್ವಾ ಬರೋ ವರ್ಷನೂ ಮೊದಲ್ನೇ ಆಯ್ಕೆ ನಮ್ಗೆ ಸಿಗೋದು? ಹಿಂಗೇ ಕೂಡಿಡ್ತಾ ಹೋಗಾಣ."

"ಯಾವತ್ತಿನ ತನಕ?"

"ಪೂರಾ ತಯಾರಾಗೋ ತನಕ."

ನಾನು ಅಂಗಡಿಯನ್ನೊಮ್ಮೆ ಕಣ್ಣಾಡಿಸಿ ನೋಡಿದೆ. ಗೋಡೆಯ ತುಂಬ ಹೈಬ್ರಿಡ್ ಬೀಜದ ಪ್ಯಾಕೆಟ್ಟುಗಳು ನೇತಾಡುತ್ತಿದ್ದವು. "ಸರ್, ಈ ಪ್ಯಾಕೆಟ್ ಹಾಕಿ ಬೆಳೆದ ಕಾಯಲ್ಲಿ ಬೀಜ ಹಿಡೀಬ್ಯಾಡ್ರಿ, ಮುಂದ್ಲು ವರ್ಷ ಸರಿಯಾಗಿ ಬರಲ್ಲ ಅಂತ ರೈತರಿಗೆ ನೀವೇ ಹೇಳ್ತೀರಿ. ಹೌದೋ ಅಲ್ವೋ?"

"ಹೌದು."

"ಹಂಗಾದ್ರೆ ನಿಮ್ಮ ಸಿದ್ಧಾಂತ ನಿಮ್ಮ ಅಂಗಡೀಲೇ ನಡಿಯಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದು ಸೋರೆಕಾಯಿ ಕಣವ್ವ. ಇದು ಬಾಸ್ಕೆಟ್‌ಬಾಲು."

ಚರ್ಚೆಯಲ್ಲಿ ಎದುರಾಳಿ ಹೀಗೆ ತಾನು ಏರಿದ ಏಣಿಯನ್ನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡರೆ ಏನು ಮಾಡಬೇಕೆಂದು ಸಿರಿಗೆರೆಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಇದು ಬರೀ ವಾದದ ಮಾತಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಚಿಕ್ಕಪ್ಪನ ಮಗಳ ಕಣ್ಣಿದ್ದದ್ದು ಸರ್ಕಾರದ ಸ್ಪೋರ್ಟ್ಸ್ ಹಾಸ್ಟೆಲ್ಲಿನ ಮೇಲೆ. ಲೀಗಿನಲ್ಲಿ ಒಂದು ಪಂದ್ಯವನ್ನಾದರೂ ಆಡಿದವರನ್ನು ಮಾತ್ರ ಅಲ್ಲಿಯವರು ಆಯ್ಕೆ ಶಿಬಿರಕ್ಕೆ ಕರೆಯುತ್ತಿದ್ದರು. ಬರುವ ವರ್ಷಕ್ಕೆ ಅವಳ ವಯಸ್ಸು ದಾಟಿಹೋಗುತ್ತಿತ್ತು. ಅವಳು ಈ ಸೀಸನ್ನಿನಲ್ಲಿ ಆಡಬೇಕು, ಇಲ್ಲವೇ ಆ ಹಾಸ್ಟೆಲ್ಲನ್ನು ಮರೆಯಬೇಕು. ಇದನ್ನೂ ಕೋಚ್‌ಗೆ ಹೇಳಿದೆ. "ಅವಸರ ಮಾಡಿದ್ರೆ ಎಳೇಕಾಯಿ ಕಿತ್ತಂಗಾಗ್ತೈತೆ" ಎಂದು ಗಿರಾಕಿಯ ಕಡೆ ತಿರುಗಿದರು. ಆಮೇಲೂ ನಾನು ಬಿಡಲಿಲ್ಲ. ಅವಳು ತಂಡದ ಅತ್ಯುತ್ತಮ ಆಟಗಾರ್ತಿ ಎಂದು ಪ್ರತಿ ಪಂದ್ಯದ ನಂತರವೂ ಸಾಧಿಸಿ ತೋರಿಸಿದೆ. ನಾನು ಒಂದೊಂದು ಸಲ ಸಾಧಿಸಿದಾಗಲೂ ಅವರು ಅವಳ ಜಾಕೆಟ್ಟಿನ ಜಿಪ್ಪನ್ನು ಇನ್ನೊಂದಿಷ್ಟು ಮೇಲಕ್ಕೆಳೆದರು.

ಕೊನೆಯ ಪಂದ್ಯ ಹಿರಿಯೂರಿನಲ್ಲಿ, ಹಿರಿಯೂರಿನ ತಂಡದ ಮೇಲೆಯೇ ಇತ್ತು. ಆ ಜೋಡಿಯಲ್ಲಿ ಅಕ್ಕ ತನ್ನ ತಂಗಿಗೆ ಚೆಂಡು ಕೊಡದ ಕಾರಣ ಅವರೂ ನಮ್ಮಷ್ಟೇ ಕೆಳಗಿಳಿದಿದ್ದರು. ಸೋತವರು ಕೊನೆಯ ಸ್ಥಾನಕ್ಕೆ. ಹಾಸ್ಟೆಲ್ಲಿನ ಆಯ್ಕೆಗಾರರೊಬ್ಬರು ಬಂದು ಗ್ಯಾಲರಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದರು. ಕೋಚ್ ಎಂದಿನಂತೆ ಹಿರಿಯರನ್ನೇ ಇಳಿಸಿದರು. ಬೆಂಚಿನಲ್ಲಿದ್ದವರೆಲ್ಲ ಬೀಜದ ಕಾಯಿಗಳಾದ್ದರಿಂದ ಆಟದ ನಡುವೆ ಯಾರನ್ನೂ ಬದಲಿಸುವಂತಿರಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತು, ನಾವು ನಾಲ್ಕೈದು ಬುಟ್ಟಿ ಹಿಂದೆ ಇರುವಾಗ ನಮ್ಮ ಕ್ಯಾಪ್ಟನ್ ಎದುರಾಳಿಯೊಬ್ಬಳನ್ನು ಓಡಿಹೋಗಿ ಎರಡೂ ಕೈಯಿಂದ ತಬ್ಬಿಕೊಂಡಳು. ಕ್ಯಾಪ್ಟನ್ ಎಂದರೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ, ಮಂಡಿಗೆ ಪಟ್ಟಿ ಬಿಗಿದುಕೊಂಡು ಆಡುವ ನಮ್ಮೆಲ್ಲರ ಅಕ್ಕ. ರೆಫರಿ ಪೀಪಿ ಊದಿದರು. ಐದನೇ ಫೌಲು. ಐದಾದರೆ ಆಟಗಾರ್ತಿ ಹೊರಗೆ.

"ಏನಕ್ಕ ಇದು?" ಎಂದೆ ನಾನು, ಬೆಂಚಿನ ತುದಿಯ ಪಕ್ಕದಲ್ಲಿದ್ದ ನನ್ನ ಮೈಕಿನ ಮೇಜಿನಿಂದ.

"ಮಂಡಿ ಉರೀತೈತೆ ಕಣೇ. ಈ ತಂಡದಾಗೆ ಕುಂತ್ಕಬೇಕಂದ್ರೆ ಬ್ಯಾರೆ ದಾರಿ ಎಲ್ಲೈತೆ?" ಎಂದು ಅಕ್ಕ ನಿಟ್ಟುಸಿರು ಬಿಡುತ್ತ ಬೆಂಚಿನ ತುದಿಯಲ್ಲಿ ಕೂತಳು.

ರೆಫರಿ ಬಂದು ಬದಲಿ ಆಟಗಾರ್ತಿಯನ್ನು ಇಳಿಸಲು ಹೇಳಿದರು.

"ನಾಕೇ ಜನ ಆಡ್ತೀವಿ ಬಿಡ್ರಿ" ಎಂದರು ಕೋಚ್.

"ಹಂಗಾಗಲ್ರಿ. ಬೆಂಚಲ್ಲಿ ಆಟಗಾರ್ರು ಇರೋವಾಗ ಐವರು ಆಡ್ಲೇಬೇಕು."

"ಇವ್ರು ಆಡೋರಲ್ರಿ. ಬೀಜಕ್ಕೆ ಬಿಟ್ಟಿರೋರು."

ರೆಫರಿ ತಮ್ಮ ಕೆಲಸದಲ್ಲಿ ಈವರೆಗೆ ಕೇಳಿರದ ಈ ಪದ ಕೇಳಿ ಬೆಂಚಿನ ಕಡೆ ಬೆರಳು ಮಾಡಿದರು. "ಜಾಕೆಟ್ ಒಳಗೆ ಏನು ಹಾಕ್ಯಂಡವ್ರೆ?"

"ತಂಡದ ಬನಿಯನ್ನೇ."

"ನಂಬರ್ ಐತಾ?"

"ಐತೆ."

"ಹಂಗಾದ್ರೆ ಬೀಜ ಅಲ್ಲ. ಇಳ್ಸ್ರಿ."

ಕೋಚ್ ಮುಖ ಬಾಡಿತು. ಬೆಂಚಿನ ಈ ತುದಿಯಿಂದ ಆ ತುದಿಗೆ ಒಬ್ಬೊಬ್ಬರನ್ನೇ ನೋಡುತ್ತ ನಡೆದರು. ಬೀಜದ ಕಾಯಲ್ಲಿ ಒಂದನ್ನು ಕಿತ್ತು ಸಾರಿಗೆ ಹಾಕಲೇಬೇಕಾಗಿ ಬಂದರೆ ಮನುಷ್ಯ ಯಾವುದನ್ನು ಕೀಳುತ್ತಾನೆ? ಒಳ್ಳೆಯದನ್ನಂತೂ ಅಲ್ಲ. ಇಡೀ ಸೀಸನ್ನಿನಲ್ಲಿ ನಾನು ಮಾಡಿದ ವಾದವೇ ಈಗ ಚಿಕ್ಕಪ್ಪನ ಮಗಳನ್ನು ಬೆಂಚಿಗೆ ಮೊಳೆ ಹೊಡೆದು ಕೂರಿಸಿತ್ತು. ನಾನು ಎದ್ದು ಓಡಿದೆ. ಚೀಟಿ ಬದಲಾಗಿತ್ತು, ಅಷ್ಟೇ.

"ಸರ್, ನಮ್ಮ ಹುಡುಗೀನ ಇಳ್ಸ್ರಿ. ಬೀಜಕ್ಕಾಗೋಳಲ್ಲ ಅವ್ಳು."

"ಅತ್ಯುತ್ತಮ ಅಂತಿದ್ದೆ?"

"ಅದು ರಕ್ತಸಂಬಂಧದ ಮಾತು ಸರ್. ಈಗ ನಿಜ ಹೇಳ್ತೀನಿ. ಮೊದಲನೇದು, ಹೇಳಿದ ಮಾತು ಕೇಳಲ್ಲ. ಎರಡನೇದು, ಸುಸ್ತು ಬೇಗ. ಮೂರನೇದು, ಎಡಗೈ ಅನ್ನೋದು ಅವ್ಳಿಗೆ ಊಟದಾಗೂ ಇಲ್ಲ, ಆಟದಾಗೂ ಇಲ್ಲ. ಮೇಲೆ ನೋಡಾಕೆ ಚೆಂದ ಐತೆ, ಒಳಗೆ ಹುಳ ಬಿದ್ದೈತೆ."

ನನ್ನ ಮಾತು ನನಗೇ ಎರಡೆರಡು ಸಲ ಕೇಳಿಸುತ್ತಿದೆಯಲ್ಲ ಎಂದು ಆಗ ಗಮನಿಸಿದೆ. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. "ಹುಳ ಬಿದ್ದೈತೆ" ಎಂಬುದು ಎರಡೂ ಕಂಬದ ಸ್ಪೀಕರಿನಿಂದ ಹೊರಟು ಹಿರಿಯೂರಿನ ಬಸ್ ಸ್ಟ್ಯಾಂಡಿನ ಕಡೆ ಹೋಯಿತು. ಗ್ಯಾಲರಿಯಲ್ಲಿ ಆಯ್ಕೆಗಾರರು ಮಿರ್ಚಿಯನ್ನು ಬಾಯಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಿ ಈ ಕಡೆ ತಿರುಗಿದರು.

ಕೋಚ್ ತಲೆದೂಗಿದರು. ಒಂದು ವರ್ಷದಲ್ಲಿ ನಾನು ಅವರೆದುರು ಗೆದ್ದ ಏಕೈಕ ವಾದ ಅದು. "ಹುಳ ಬಿದ್ದಿದ್ರೆ ಇಟ್ಕಂಡು ಏನು ಮಾಡಾದು. ಇಳೀ ತಾಯಿ."

ಚಿಕ್ಕಪ್ಪನ ಮಗಳು ಜಾಕೆಟ್ ಬಿಚ್ಚಿ ನನ್ನ ಮುಖದ ಮೇಲೆ ಎಸೆದು ಒಳಗೆ ಹೋದಳು.

ಅವಳು ಹಾಗೆ ಆಡಿದ್ದನ್ನು ನಾನು ಅಭ್ಯಾಸದಲ್ಲೂ ಕಂಡಿರಲಿಲ್ಲ. ಹಿರಿಯೂರಿನ ಅಕ್ಕ ತನ್ನ ತಂಗಿಗೆ ಕೊಡಲೋ ಬೇಡವೋ ಎಂದು ಅನುಮಾನಿಸಿದ ಚೆಂಡನ್ನೆಲ್ಲ ಇವಳು ನಡುವೆ ನುಗ್ಗಿ ಕಿತ್ತುಕೊಂಡಳು. ಪ್ರತಿ ಬುಟ್ಟಿ ಹಾಕಿದ ಮೇಲೂ ತಿರುಗಿ ನನ್ನನ್ನೇ ದುರುಗುಟ್ಟಿ ನೋಡುವಳು. ಅದನ್ನು ಮೈಕಿನಲ್ಲಿ ಹೇಳಬೇಕಾದವಳೂ ನಾನೇ. "ಮತ್ತೊಂದು ಬುಟ್ಟಿ, ಹೊಸದುರ್ಗಕ್ಕೆ" ಎನ್ನುವಾಗ ಜನ "ಹುಳ! ಹುಳ!" ಎಂದು ಕೂಗುತ್ತಿದ್ದರು.

ನಾವು ಗೆದ್ದೆವು. ಹಿರಿಯರು ಕುಣಿದಾಡಿದರು. ಕೋಚ್ ಬೆಂಚಿನ ಮೇಲೆ ಕುಸಿದು, "ಗೆದ್ದುಬಿಟ್ವಲ್ಲವ್ವ. ಮೊದಲ್ನೇ ಆಯ್ಕೆ ಕೈ ಬಿಟ್ಟೋಯ್ತು" ಎಂದು ತಲೆಗೆ ಕೈಹೊತ್ತರು.

ಅಷ್ಟರಲ್ಲಿ ಆಯ್ಕೆಗಾರರು ಕೈ ಒರೆಸಿಕೊಳ್ಳುತ್ತ ಇಳಿದು ಬಂದರು. ಅವಳ ಹೆಸರು, ವಯಸ್ಸು ಕೇಳಿ, ಬರುವ ವಾರ ಶಿಬಿರಕ್ಕೆ ಬಾ ಎಂದರು. ಆಮೇಲೆ ಕೋಚ್ ಕಡೆ ತಿರುಗಿ, "ಇಷ್ಟು ದಿನ ಎಲ್ಲಿಟ್ಟಿದ್ರಿ ಇವ್ಳನ್ನ?" ಎಂದು ಕೇಳಿದರು.

ಕೋಚ್ ಕೂಡಲೇ ಎದ್ದು ನಿಂತರು. "ಬೀಜಕ್ಕೆ ಬಿಟ್ಟಿದ್ವಿ ಸರ್. ಅದ್ಕೇ ನೋಡ್ರಿ, ಹಿಂಗೆ ಬಂದೈತೆ."

ವಾಪಸು ಬರುವ ಬಸ್ಸಿನಲ್ಲಿ ಅವಳು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ಬೇರೆ ಸೀಟು ಖಾಲಿ ಇರಲಿಲ್ಲ. ಮಾರಿಕಣಿವೆ ಅಣೆಕಟ್ಟಿನ ತಿರುವು ದಾಟುವವರೆಗೂ ಚೆಂಡನ್ನು ತಿರುಗಿಸುತ್ತಲೇ ಇದ್ದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಅಕ್ಕ, ಅಲ್ಲಿ ಅಂದ್ಯಲ್ಲ, ಅದ್ರಾಗೆ ಯಾವುದಾದ್ರೂ ನಿಜ ಐತಾ?"

ಇಲ್ಲವೆಂದು ಹೇಳಲು ಬಾಯಿ ತೆರೆದೆ. ಬರುವ ವಾರ ಅವಳನ್ನು ನೋಡುವವರು ನನ್ನ ಮಾತು ಕೇಳಿ ಅಂಕ ಕೊಡುವುದಿಲ್ಲ ಎಂಬುದು ನೆನಪಾಯಿತು.

"ಎಡಗೈದು ನಿಜ" ಎಂದೆ.

ಅವಳು ಎದ್ದು ನನ್ನ ಕಾಲು ತುಳಿದುಕೊಂಡು ನಡುದಾರಿಗೆ ಹೋದಳು. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ಚೆಂಡು ಬಡಿಯತೊಡಗಿದಳು. ಚೆಂಡು ಎರಡು ಸಲ ಪುಟಿದು ಯಾರದೋ ಬುತ್ತಿಯ ಚೀಲದೊಳಗೆ ಹೋಯಿತು. ತೆಗೆದುಕೊಂಡು ಮತ್ತೆ ಬಡಿದಳು.

"ಯಾರ್ರೀ ಅದು ಬಸ್ಸಲ್ಲಿ ಚೆಂಡಾಡೋರು?" ಎಂದು ಕಂಡಕ್ಟರ್ ಕೂಗಿದ.

ಮುಂದಿನ ಸೀಟಿನಿಂದ, ತಿರುಗಿಯೂ ನೋಡದೆ, ಕೋಚ್ ಹೇಳಿದರು: "ಬಿಡಪ್ಪ, ಆಡ್ಲಿ. ಹುಳ ಕೊರೀತೈತೆ."