ಬಟ್ಟೆ ಕಟ್ಟದ ಕಾವು

ಕೆಮ್ಮಿನ ಔಷಧಿಗೆ ಬೇಕಾದ ಬೇರಿನ ಸಾರ ತೆಗೆಯುವ ಕಾರ್ಖಾನೆ ಅದು. ಮೇಲಂತಸ್ತಿನಲ್ಲಿ ದೊಡ್ಡ ತೊಟ್ಟಿ, ಅದರಲ್ಲಿ ಬೇರಿನ ಚೂರು ಮತ್ತು ಬಿಸಿನೀರು. ಅದಕ್ಕೆ ಎಷ್ಟು ಹಬೆ ಬಿಡಬೇಕೆಂದು ನೋಡಿಕೊಳ್ಳುವ ಇಂಜಿನಿಯರನ್ನು ಎಲ್ಲರೂ ಹಬೆ ಸಾಹೇಬರು ಎನ್ನುತ್ತಿದ್ದರು. ಐವತ್ತು ದಾಟಿದ ಒಂಟಿ ಜೀವ. ಮದುವೆಯ ಮಾತು ಬಂದಾಗಲೆಲ್ಲ "ನೋಡೋಣ" ಎನ್ನುತ್ತಾ, ಕೇಳುವವರೂ ಇಲ್ಲದ ವಯಸ್ಸಿಗೆ ಬಂದು ನಿಂತಿದ್ದರು. ಭಾನುವಾರ ದೂರದೂರಿನಿಂದ ತಂಗಿ ಫೋನ್ ಮಾಡುತ್ತಿದ್ದಳು. "ಅಣ್ಣ, ಊಟ ಆಯ್ತಾ? ಹುಷಾರಾಗಿದ್ದೀಯ ತಾನೆ? ಸರಿ, ಇಡ್ಲಾ?" ಇವರು ಬಾಯಿ ತೆರೆಯುವಷ್ಟರಲ್ಲಿ ಇಟ್ಟೂ ಆಗಿರುತ್ತಿತ್ತು.

ಇನ್ನುಳಿದಂತೆ ಅವರ ಜೊತೆ ಮಾತಾಡುತ್ತಿದ್ದವಳು ಒಬ್ಬಳೇ, ಅದೂ ಬೈಯಲು. ಕೆಳಗಡೆ ಸಾರ ಸೋಸುವ ಬಟ್ಟೆಗಳ ಉಸ್ತುವಾರಿ ಹೊತ್ತ ಬಟ್ಟೆ ಅಕ್ಕ. ಹೆಚ್ಚು ಸಾರ ಇಳಿಯಲಿ ಎಂದು ತೊಟ್ಟಿಯ ಕಾವನ್ನು ಮೊದಲಿನಿಂದ ಜೋರಾಗಿಯೇ ಇಡುವ ರೂಢಿ. ಕಾವು ಜೋರಾದರೆ ಬೇರಿನಿಂದ ಸತ್ವದ ಜೊತೆ ಅಂಟೂ ಬಿಟ್ಟುಕೊಂಡು, ಸಾರ ಇಳಿಯದಂತೆ ಬಟ್ಟೆ ಕಟ್ಟಿಕೊಳ್ಳುತ್ತದೆ. ಆಗ ಅವಳು ಕಬ್ಬಿಣದ ಮೆಟ್ಟಿಲನ್ನು ದಡದಡ ಹತ್ತಿ ಬಂದು, ಜಿಗುಟು ಬಟ್ಟೆಯನ್ನು ಅವರ ಮೂಗಿನ ಮುಂದೆ ಹಿಡಿಯುತ್ತಿದ್ದಳು.

"ಸಾಹೇಬ್ರೆ, ಇದೇನು ಸಾರಾನಾ, ಗೋಂದಾ? ಗೋಡೆಗೆ ಪೋಸ್ಟರ್ ಅಂಟಿಸ್ಲಾ?"

ಬೈದು ಮುಗಿದ ಮೇಲೆ ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಸೊಸೆಯ ಮುನಿಸು, ಸೋರುವ ನಲ್ಲಿ, ಎಲ್ಲ ಸುದ್ದಿಯೂ ಆಗ ಬರುತ್ತಿತ್ತು. ಸಾಹೇಬರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಅಷ್ಟರಿಂದಲೇ ಅವರ ದಿನ ಚೆನ್ನಾಗಿ ಕಳೆದುಬಿಡುತ್ತಿತ್ತು.

ಹೀಗಿರುವಾಗ ಮಾಲೀಕರು, ಸರಿಯಾದ ಕಾವು ಯಾವುದೆಂದು ಪರೀಕ್ಷೆ ಮಾಡಿ ಗೊತ್ತುಮಾಡಿ ಎಂದರು. ಕೆಲಸದಲ್ಲಿ ಕಳ್ಳಾಟ ಸಾಹೇಬರಿಗೆ ಗೊತ್ತಿರಲಿಲ್ಲ. ಐವತ್ತು ಡಿಗ್ರಿಯಲ್ಲಿ ಸತ್ವ ಬೇರಿನಲ್ಲೇ ಉಳಿದು ಚರಟದ ಜೊತೆ ಕಸಕ್ಕೆ ಹೋಯಿತು. ಎಂಬತ್ತರಲ್ಲಿ ಅಕ್ಕ ಬಂದಳು. ಎಪ್ಪತ್ತರಲ್ಲೂ ಬಂದಳು. ಅರವತ್ತರಲ್ಲಿ ಸತ್ವ ಸಾಕಷ್ಟು ಬಿಟ್ಟಿತು, ಬಟ್ಟೆಯೂ ಕಟ್ಟಲಿಲ್ಲ. ಮೆಟ್ಟಿಲಲ್ಲಿ ಸದ್ದೇ ಇಲ್ಲ. ಮಾಲೀಕರು ಬೆನ್ನು ತಟ್ಟಿ ಹೋದರು.

ಆಮೇಲೆ ಯಾರೂ ಬರಲಿಲ್ಲ. ವಾರಗಳು ಹಾಗೇ ಕಳೆದವು. ಒಂದು ದಿನ ಸಾಹೇಬರೇ ಕೆಳಗಿಳಿದು ಹೋದರು.

"ಏನಾದ್ರೂ ತೊಂದ್ರೆನಾ ಸಾಹೇಬ್ರೆ?" ಅಕ್ಕ ಗಾಬರಿಯಾಗಿ ಕೇಳಿದಳು.

"ಇಲ್ಲ, ಬಟ್ಟೆ ಹೇಗಿದೆ ಅಂತ..."

"ಏನೂ ತಕರಾರಿಲ್ಲ, ಸಲೀಸಾಗಿ ಇಳೀತಿದೆ."

ಸುಮ್ಮನೆ ಬಂದೆ ಎನ್ನಬಹುದಿತ್ತು. ಅಷ್ಟು ಸಣ್ಣ ಮಾತು ಬಾಯಿಗೆ ಬರದೆ ಸಾಹೇಬರು ಮತ್ತೆ ಮೆಟ್ಟಿಲು ಹತ್ತಿದರು. ಊಟದ ಡಬ್ಬಿ ತೆರೆದು, ಹಾಗೇ ಮುಚ್ಚಿಟ್ಟರು. ಬೈಯುವುದಕ್ಕೂ ಒಬ್ಬರಿಲ್ಲವೆಂದರೆ ಅದೆಂಥ ಬಾಳು ಹೇಳಿ! ಅವರಿಗೆ ಅಳು ಬರುವಂತಾಯಿತು.

ಮರುದಿನ ಹಬೆಯ ವಾಲ್ವನ್ನು ಒಂದಿಷ್ಟು ಹೆಚ್ಚು ತಿರುಗಿಸಿದರು. ಕಾವು ತೋರಿಸುವ ಮಾಪಕದ ಮುಳ್ಳು ಎಂಬತ್ತಕ್ಕೆ ಬಂತು. ಸಾಹೇಬರು ತಲೆ ಬಾಚಿಕೊಂಡು, ಪಕ್ಕದ ಸ್ಟೂಲಿನ ಧೂಳು ಒರೆಸಿ ಕಾದು ಕೂತರು.

ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದಾಯಿತು. ದಡದಡ ಅಲ್ಲ, ಒಂದೊಂದೇ ಹೆಜ್ಜೆ. ಅಕ್ಕ ಬಟ್ಟೆಯನ್ನು ಅವರ ಮುಂದೆ ಹಿಡಿಯಲಿಲ್ಲ. ಮುಳ್ಳನ್ನು ನೋಡಿದಳು, ಬಾಚಿದ ತಲೆಯನ್ನು ನೋಡಿದಳು, ಸ್ಟೂಲನ್ನೂ ನೋಡಿದಳು. ಅಂಟು ಹಿಡಿದ ಬಟ್ಟೆ ಉಜ್ಜಿ ಉಜ್ಜಿ ಅವಳ ಬೆರಳ ಸಂದಿಗಳು ಬಿರಿದು ಕೆಂಪಗಾಗಿದ್ದವು. ಇಷ್ಟು ಕಾಲ ಅವಳ ಮಾತು ಕೇಳಿದ್ದ ಸಾಹೇಬರು ಆ ಕೈಗಳನ್ನು ನೋಡಿದ್ದು ಅಂದೇ.

"ಇಷ್ಟು ದಿನ ಗೊತ್ತಿಲ್ದೆ ಮಾಡ್ತಿದ್ದೀರ ಅಂತ ಬೈತಿದ್ದೆ ಸಾಹೇಬ್ರೆ," ಎಂದಳು. "ಗೊತ್ತಿದ್ದೂ ಮಾಡಿದ್ರೆ ಏನಂತ ಬೈಲಿ?"

ಸಾಹೇಬರು ಸ್ಟೂಲನ್ನು ಮುಂದೆ ಸರಿಸಿದರು. ಅವಳು ಕೂರದೆ ಇಳಿದು ಹೋದಳು.

ಅವರು ವಾಲ್ವನ್ನು ಮೊದಲಿನಷ್ಟಕ್ಕೆ ತಂದು, ಮುಳ್ಳು ಅರವತ್ತಕ್ಕೆ ಇಳಿಯುವವರೆಗೂ ನಿಂತೇ ಇದ್ದರು. ಕೆಳಗೆ ಅವಳು ಬಟ್ಟೆ ಉಜ್ಜುವ ಸದ್ದು ಕೇಳುತ್ತಲೇ ಇತ್ತು.